ಮಿದುಳಿನ ಕೊಬ್ಬು ಬೊಜ್ಜಲ್ಲ

ನಮಸ್ಕಾರ. ಸುಂಡಿಲಿ ಮರಿಗಳ ಮಿದುಳಿನ ಕೊಬ್ಬು ಬೆಳೆಯುವುದರಲ್ಲಿ ಹಾರ್ಮೋನುಗಳ ಕೈವಾಡ ಏನು ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಬಿಸಾಡುವ ಬರಹವೂ ಅಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಹಾರ್ಮೋನು ಎಂದರೇನು ಅನ್ನುವ ಪಾಠ. ತೆಗೆದುಬಿಡಿ. ಮಿದುಳಿನಲ್ಲಿ ಕೊಬ್ಬು ಅಂದ ಕೂಡಲೇ ಓದುವವರಿಗೆ ಬೊಜ್ಜು ನೆನಪಾಗುತ್ತದೆ, ಅಲ್ವಾ? ಮೊದಲು ಅದನ್ನು ಬಿಡಿಸಿ. ನಿಮ್ಮ ನಿಜವಾದ ವಿಷಯ ಮಯಲಿನ್, ಅಂದರೆ ನರತಂತುವಿಗೆ ಸುತ್ತಿಕೊಳ್ಳುವ ಹೊದಿಕೆ. ನೀರು ಬಿಟ್ಟರೆ ಅದರ ತೂಕದಲ್ಲಿ ಶೇ. 70ರಷ್ಟಾದರೂ ಲಿಪಿಡ್ಡೇ, ಅಂದರೆ ಕೊಬ್ಬಿನ ಜಾತಿಯ ವಸ್ತು. ಹುಟ್ಟಿದ ಮರಿಯ ಮಿದುಳಿನಲ್ಲಿ ಅದು ಹೆಚ್ಚುಕಡಿಮೆ ಇಲ್ಲ. ಸುಮಾರು 10ನೇ ದಿನಕ್ಕೆ ಶುರುವಾಗಿ 20ನೇ ದಿನದ ಆಸುಪಾಸಿನಲ್ಲಿ ಭರದಿಂದ ಸಾಗುತ್ತದೆ. ತಾಯಿಹಾಲಿನ ಕೊಲೆಸ್ಟರಾಲ್ ನೇರ ಮಿದುಳಿಗೆ ಹೋಗುತ್ತದೆ ಎಂದು ಬರೆದಿದ್ದೀರಿ. ತಪ್ಪು. ರಕ್ತದಲ್ಲಿರುವ ಕೊಲೆಸ್ಟರಾಲನ್ನು ಮಿದುಳು ಒಳಗೆ ಬಿಟ್ಟುಕೊಳ್ಳುವುದಿಲ್ಲ, ತನಗೆ ಬೇಕಾದ್ದನ್ನು ತಾನೇ ತಯಾರಿಸಿಕೊಳ್ಳುತ್ತದೆ.

ದೊಡ್ಡ ಎಡವಟ್ಟು ಇರುವುದು ಇಲ್ಲಿ: 'ಥೈರಾಯ್ಡ್ ಹಾರ್ಮೋನು ಹೆಚ್ಚಿದಷ್ಟೂ ಮಯಲಿನ್ ಹೆಚ್ಚು.' ಕಡಿಮೆಯಾದರೆ ಮಯಲಿನ್ ತಡವಾಗುತ್ತದೆ, ಕಡಿಮೆಯೂ ಆಗುತ್ತದೆ, ಅಲ್ಲಿಯವರೆಗೆ ಸರಿ. ಆದರೆ ಎಳೆ ಮರಿಗೆ ಹಾರ್ಮೋನು ಅತಿಯಾದರೆ ಕೆಲಸ ಬೇಗ ಶುರುವಾಗಿ ಬೇಗ ನಿಂತೂ ಹೋಗುತ್ತದೆ, ಕೊನೆಗೆ ಕೊರತೆಯೇ ಉಳಿಯುತ್ತದೆ. ಯಾಕೆ? ಮಯಲಿನ್ ಮಾಡುವ ಜೀವಕೋಶಗಳು ಮೊದಲು ಸಾಕಷ್ಟು ಸಂಖ್ಯೆಯಲ್ಲಿ ಹೆಚ್ಚಬೇಕು. 'ಹೆಚ್ಚಿದ್ದು ಸಾಕು, ಇನ್ನು ಬಲಿಯಿರಿ' ಎನ್ನುವುದು ಈ ಹಾರ್ಮೋನು. ಆ ಅಪ್ಪಣೆ ಮುಂಚೆಯೇ ಬಂದರೆ ಕೆಲಸಕ್ಕೆ ಆಳು ಸಾಲುವುದಿಲ್ಲ. ನಿಮ್ಮ ಲೇಖನದ ಜೀವಾಳ ಇದೇ, ಅದು ಎಲ್ಲೂ ಇಲ್ಲ. ಇನ್ನೊಂದು, ಈ ಅತಿಯಾದ ಹಾರ್ಮೋನಿನ ಪ್ರಯೋಗಗಳು ನಡೆದದ್ದು ದೊಡ್ಡ ಇಲಿಗಳ ಮರಿಗಳಲ್ಲಿ. ನೀವು ಸುಂಡಿಲಿಯಿಂದ ಹೊರಟು ಮಧ್ಯದಲ್ಲಿ ಇಲಿಗೆ ಹಾರಿದ್ದೀರಿ. ಹಾರಿ, ಆದರೆ ಹೇಳಿ ಹಾರಿ.

ಸ್ನೆಲ್ ಎಂಬ ಕುಳ್ಳ ತಳಿಯ ಸುಂಡಿಲಿಗೆ ಮಯಲಿನ್ ಕಡಿಮೆ ಇರುವುದನ್ನು ಪೂರ್ತಿ ಬೆಳವಣಿಗೆ ಹಾರ್ಮೋನಿನ ತಲೆಗೆ ಕಟ್ಟಿದ್ದೀರಿ. ಅದರ ಪಿಟ್ಯುಟರಿಯಲ್ಲಿ, ಅಂದರೆ ಮಿದುಳಿನ ಬುಡದ ಗ್ರಂಥಿಯಲ್ಲಿ, ಥೈರಾಯ್ಡನ್ನು ಎಚ್ಚರಿಸುವ ಹಾರ್ಮೋನೂ ಇಲ್ಲ. ಎರಡನ್ನೂ ಬೇರ್ಪಡಿಸದೆ ತೀರ್ಪು ಕೊಡುವ ಹಾಗಿಲ್ಲ. ಹೊಟ್ಟೆಗೆ ಸಾಲದಿದ್ದರೂ ಮಯಲಿನ್ ತಗ್ಗುತ್ತದೆ. ಹಾರ್ಮೋನು ಕಡಿಮೆಯಾದ ಮರಿಗಳು ಸೊರಗಿಯೂ ಇರುತ್ತವೆ. ಎಷ್ಟು ಹಾರ್ಮೋನಿನಿಂದ, ಎಷ್ಟು ಹಸಿವಿನಿಂದ ಎಂಬ ಪ್ರಶ್ನೆಯನ್ನಾದರೂ ಎತ್ತಿ.

ಕೊನೆಯ ಪುಟದಲ್ಲಿ ಮಕ್ಕಳ ತಾಯಂದಿರಿಗೆ ಮಾತ್ರೆಯ ಸಲಹೆ ಕೊಟ್ಟಿದ್ದೀರಿ. ಅದು ಬೇಡವೇ ಬೇಡ.

ಸುಂಡಿಲಿ ಮರಿ ಕಣ್ಣು ಬಿಡುವುದು 12ರಿಂದ 14ನೇ ದಿನಕ್ಕೆ, ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ತಡ ಎಂದು ನಾಲ್ಕನೇ ಪುಟದಲ್ಲಿ ಒಂದು ಸಾಲು ಬರೆದಿದ್ದೀರಿ. ಆ ಮರಿಯಿಂದಲೇ ಶುರು ಮಾಡಿ, ಅರ್ಧಕ್ಕೆ ಇಳಿಸಿ ಮತ್ತೆ ಕಳಿಸಿ. ಓದುತ್ತೇನೆ.