ಅಸಲು ಹಾಗೇ ಇದೆ

(ಗುರುತು ಸಿಗದಂತೆ ಊರು, ಕಸುಬು ಬದಲಿಸಿದ್ದೇನೆ.)

ನಲವತ್ತರ ಆಸುಪಾಸಿನ ಹೆಣ್ಣುಮಗಳು, ಬಸ್ ಸ್ಟ್ಯಾಂಡ್ ಹತ್ತಿರ ತಿಂಡಿ ಗಾಡಿ. ನಿದ್ದೆ ಬರುತ್ತಿಲ್ಲವೆಂದು ನನ್ನ ಹತ್ತಿರ ಸಮಾಲೋಚನೆಗೆ ಬಂದವರು. ಸಾಲದ ಮಾತು ಹೊರಬಿದ್ದದ್ದು ಎರಡನೇ ಭೇಟಿಯಲ್ಲಿ. ಗಂಡನ ಆಪರೇಷನ್‌ಗೆ ಪರಿಚಯದ ಒಬ್ಬರಿಂದ 50,000, ತಿಂಗಳಿಗೆ ನೂರಕ್ಕೆ ಹತ್ತರ ಬಡ್ಡಿ. ಮೊದಲ ತಿಂಗಳದ್ದು ಮುರಿದುಕೊಂಡು ಕೈಗಿತ್ತದ್ದು 45,000. ಆಮೇಲೆ 22 ತಿಂಗಳು ಐದೈದು ಸಾವಿರ. ಅಸಲು ಹಾಗೇ ಇದೆ.

ಮಗಳ ಹಳೇ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಕಂತಿಗೊಂದು ಗೀಟು ಎಳೆದಿದ್ದರು. ಒಟ್ಟು ಕೂಡಿರಲಿಲ್ಲ. ನಾನೂ ಕೂಡಲಿಲ್ಲ, ಪೆನ್ನು ಅವರ ಕೈಗೇ ಕೊಟ್ಟೆ. 1,10,000 ಎಂದು ಬರೆದರು. ಇನ್ನೊಮ್ಮೆ ಎಣಿಸಿದರು. "ಆದ್ರೂ ಮೇಡಂ, ಅವತ್ತು ರಾತ್ರಿ ನನ್ನ ಸ್ವಂತ ತಮ್ಮನೇ ಫೋನ್ ಎತ್ತಲಿಲ್ಲ. ಆ ಅಣ್ಣ ಆಸ್ಪತ್ರೆಗೇ ತಂದುಕೊಟ್ರು."

ಗಂಟು ಇದ್ದದ್ದು ಅಲ್ಲಿ. ಬೆದರಿಕೆಗೆ ಹೆದರಿ ಕಟ್ಟುವವರನ್ನು ಬಹಳ ಕಂಡಿದ್ದೇನೆ. ಈಕೆ ಉಪಕಾರಕ್ಕೆ ಕಟ್ಟುತ್ತಿದ್ದರು. ತಡವಾದರೆ ಆತ ಬೈಯುವುದಿಲ್ಲವಂತೆ, "ಕಷ್ಟಕ್ಕಾದವನು ನಾನೇ ಅಲ್ವೇನಮ್ಮ" ಎನ್ನುತ್ತಾನಂತೆ. ನನ್ನ ಮಟ್ಟಿಗೆ ಅದು ಬೈಗುಳಕ್ಕಿಂತ ಬಿಗಿ.

"ಋಣ ಬೇರೆ, ಸಾಲ ಬೇರೆ. ಋಣಕ್ಕೆ ಹಬ್ಬದ ಹೋಳಿಗೆ ಕಳಿಸಿ, ಸಾಲಕ್ಕೆ ಲೆಕ್ಕ ಕೇಳಿ" ಎಂದೆ. ಕರ್ನಾಟಕದಲ್ಲಿ ಲೇವಾದೇವಿಗೆ ಲೈಸೆನ್ಸ್ ಬೇಕು, ಅಡವಿಲ್ಲದ ಸಾಲಕ್ಕೆ ವರ್ಷಕ್ಕೆ ಶೇ. 16ರ ಮೇಲೆ ಬಡ್ಡಿ ಹಾಕುವಂತಿಲ್ಲ. ಮೀಟರ್ ಬಡ್ಡಿ ತಡೆಯಲೆಂದೇ 2004ರ ಕಾಯ್ದೆಯೂ ಇದೆ. ಶೇ. 16ರ ದರ ಹಿಡಿದರೆ, ಕೈಗೆ ಬಂದ ಹಣ ಹತ್ತನೇ ಕಂತಿಗೇ ತೀರಿತ್ತು. ಉಳಿದ ಹನ್ನೆರಡು ಗೀಟು ಯಾತಕ್ಕೆಂದು ಅವರೇ ಕೇಳಿದರು.

ಮುಂದಿನ ಕಂತಿಗೆ ಮೊದಲು ಕೋರ್ಟ್ ಆವರಣದ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ನೋಟ್‌ಬುಕ್ ಒಯ್ಯಲು ಹೇಳಿದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ಫೀಸಿಲ್ಲ. ಸಾಲ ಕೊಟ್ಟವನಿಗೆ ಸಹಿ ಹಾಕಿ ಕೊಟ್ಟಿದ್ದ ಎರಡು ಖಾಲಿ ಚೆಕ್ಕಿನ ನಂಬರನ್ನು ಚೆಕ್‌ಬುಕ್ಕಿನಲ್ಲಿ ಹುಡುಕಿ ಬರೆದಿಡಬೇಕು. ಅವನ್ನು ಏನು ಮಾಡುವುದೆಂದು ವಕೀಲರೇ ಹೇಳಲಿ, ಬ್ಯಾಂಕಿಗೆ ಓಡುವುದು ಬೇಡ. ಇನ್ನು ನಗದು ಕೈಗೆ ಕೊಡಬಾರದು.

ಇದೆಲ್ಲ ಒಪ್ಪಿದರು. ಒಪ್ಪದಿದ್ದದ್ದು ಒಂದೇ, ಗಂಡನಿಗೆ ಹೇಳುವುದು. ಬಡ್ಡಿ ನೂರಕ್ಕೆ ಎರಡು ಎಂದೇ ಆತ ನಂಬಿದ್ದರು. "ನೀವೇ ಫೋನ್ ಮಾಡಿ ಹೇಳಿಬಿಡಿ ಮೇಡಂ" ಎಂದರು. ಮಾಡಲಿಲ್ಲ. ಹೇಗೆ ಶುರು ಮಾಡುವುದೆಂದು ನನ್ನೆದುರೇ ನಾಲ್ಕು ಸಲ ಆಡಿ ನೋಡಿಸಿದೆ.

ಮೂರನೇ ಭೇಟಿಗೆ ಇಬ್ಬರೂ ಬಂದರು. ಗಂಡ ಏನೂ ಮಾತಾಡಲಿಲ್ಲ. ನೋಟ್‌ಬುಕ್ ತೆಗೆದು ಗೀಟುಗಳನ್ನು ಬೆರಳಿಟ್ಟು ಎಣಿಸುತ್ತ ಕೂತರು.