ವರ್ಷಕ್ಕೊಮ್ಮೆ ಪೂರ್ತಿ ಎಣಿಸಿದರೂ ಗೋದಾಮಿನ ಸ್ಟಾಕ್ ತಾಳೆ ಆಗುತ್ತಿಲ್ಲ, ಏನು ಮಾಡಲಿ?

ರಾಯಚೂರಿನಲ್ಲಿ ಪೈಪು, ಫಿಟ್ಟಿಂಗ್ ಗೋದಾಮು, ಸುಮಾರು 600 ಐಟಂ. ಮಾರ್ಚ್ ಕೊನೆಗೆ ಎರಡು ದಿನ ಬಾಗಿಲು ಹಾಕಿ ಎಣಿಸುತ್ತೀರಿ, ಜೂನ್ ಹೊತ್ತಿಗೆ ಮತ್ತೆ ಟ್ಯಾಲಿಯಲ್ಲಿ (ಕಂಪ್ಯೂಟರ್ ಲೆಕ್ಕದ ಸಾಫ್ಟ್‌ವೇರ್) ಒಂದು, ರ‍್ಯಾಕಿನಲ್ಲಿ ಇನ್ನೊಂದು. ನಿಮ್ಮ ತೊಂದರೆ ಇದೇ ಅಲ್ವಾ? ನಾನು ಗಂಗಾವತಿಯಲ್ಲಿ ಅಕ್ಕಿ ಗೋದಾಮಿನ ಸ್ಟಾಕ್ ನೋಡಿಕೊಳ್ಳುವವನು. ಮಾಲು ಬೇರೆ, ತಲೆನೋವು ಒಂದೇ.

ಮಾರ್ಚ್ ಎಣಿಕೆ ಆಡಿಟರ್‌ಗೆ ಬೇಕು, ಇರಲಿ. ಆದರೆ ಆಗ 12 ಪೀಸ್ ಕಡಿಮೆ ಅಂತ ಗೊತ್ತಾದರೆ ಏನು ಮಾಡುತ್ತೀರಿ? ಅದು ಆಗಸ್ಟ್‌ನಲ್ಲಿ ಹೋಯಿತೋ, ಡಿಸೆಂಬರ್‌ನಲ್ಲೋ, ಯಾರಿಗೂ ನೆನಪಿರಲ್ಲ. ಸುಮ್ನೆ ಅಂಕಿ ತಿದ್ದುತ್ತೀರಿ, ತಪ್ಪು ಹಾಗೇ ಉಳಿಯುತ್ತದೆ. ದಿನಾ ಸ್ವಲ್ಪ ಎಣಿಸಿದರೆ ನಿನ್ನೆಯ ಚಲನ್ (ಮಾಲಿನ ಜೊತೆ ಹೋಗುವ ಚೀಟಿ) ಇನ್ನೂ ಟೇಬಲ್ ಮೇಲೆಯೇ ಇರುತ್ತದೆ, ಲೋಡ್ ಮಾಡಿದ ಹಮಾಲರೂ ಅಂಗಳದಲ್ಲೇ ಸಿಗುತ್ತಾರೆ. ಹೀಗೆ ಸರದಿ ಪ್ರಕಾರ ದಿನಾ ಸ್ವಲ್ಪ ಎಣಿಸುವುದಕ್ಕೆ ಸೈಕಲ್ ಕೌಂಟಿಂಗ್ ಅಂತಾರೆ, ಅದರ ಲಾಭ ಅದೇ.

ನಮ್ಮದೇ ಕತೆ ಹೇಳುತ್ತೇನೆ. 2022ರ ಜುಲೈನಲ್ಲಿ, ಲೇಬಲ್ ಹಾಕಿದ 25 ಕೆಜಿವರೆಗಿನ ಅಕ್ಕಿ ಚೀಲಕ್ಕೆ 5% ಜಿಎಸ್‌ಟಿ ಬಂತು. ಅದನ್ನು ತಪ್ಪಿಸಲು ಮಿಲ್ಲುಗಳಿಂದ 26 ಕೆಜಿ ಚೀಲ ಬರತೊಡಗಿತು. ನಮ್ಮಲ್ಲಿಗೆ ಬಂದವು ಎರಡೂ ಒಂದೇ ಬಣ್ಣ, ಮೂಲೆಯಲ್ಲಿನ ಅಂಕಿ ಮಾತ್ರ ಬೇರೆ. ಒಟ್ಟು ಚೀಲ ಎಣಿಸಿದರೆ ಸರಿಯಾಗಿತ್ತು. ಬಿಡಿಸಿ ಎಣಿಸಿದಾಗ 26ರಲ್ಲಿ 18 ಕಡಿಮೆ, 25ರಲ್ಲಿ 18 ಜಾಸ್ತಿ. ಅಂದರೆ 25ರ ಬಿಲ್ಲಿಗೆ 26ರ ಚೀಲ ಹೋಗಿತ್ತು, ಹದಿನೆಂಟು ಕೆಜಿ ಪುಕ್ಕಟೆ. ಎರಡು ದಿನದೊಳಗೆ ಸಿಕ್ಕಿದ್ದರಿಂದ ಯಾವ ಲಾರಿ ಅಂತ ಗೊತ್ತಾಯಿತು. ಅವತ್ತೇ 26ರ ಲಾಟನ್ನು ಎದುರಿನ ಗೋಡೆಗೆ ಸಾಗಿಸಿದೆವು. ನಿಮ್ಮಲ್ಲಿ 63 ಎಂಎಂ, 75 ಎಂಎಂ ಎಲ್ಬೋ ಪಕ್ಕಪಕ್ಕ ಇದ್ದರೆ ಮೊದಲು ಅಲ್ಲಿ ನೋಡಿ.

ಎಲ್ಲವನ್ನೂ ಒಂದೇ ಸಲ ಎಣಿಸಬೇಕಿಲ್ಲ. ಹೆಚ್ಚು ದುಡ್ಡು ಕೂತಿರುವ 60 ಐಟಂ ತಿಂಗಳಿಗೊಮ್ಮೆ, ಮಧ್ಯದ 140 ಮೂರು ತಿಂಗಳಿಗೊಮ್ಮೆ, ಉಳಿದ 400 ಆರು ತಿಂಗಳಿಗೊಮ್ಮೆ. ತಿಂಗಳಿಗೆ 26 ಕೆಲಸದ ದಿನ ಹಿಡಿದರೆ ದಿನಕ್ಕೆ ಏಳು ಐಟಂ ಬರುತ್ತದೆ. ಅರ್ಧ ಗಂಟೆ, ಮುಕ್ಕಾಲು ಗಂಟೆ ಕೆಲಸ. ಗೇಟ್ ತೆಗೆಯುವ ಮೊದಲೇ ಮುಗಿಸಿ. ಮಾಲು ಓಡಾಡುವಾಗ ಎಣಿಸಿದರೆ ತಾಳೆ ಆಗಲ್ಲ, ಮೇಲಾಗಿ ನಮ್ಮ ಬಿಸಿಲಿಗೆ ತಗಡಿನ ಶೀಟಿನ ಕೆಳಗೆ ಹನ್ನೊಂದಕ್ಕೇ ತಲೆ ಕೆಡುತ್ತದೆ. ಕೊನೆಯ ಚಲನ್ ನಂಬರ್ ಬರೆದುಕೊಂಡು ಶುರು ಮಾಡಿ. ಟ್ಯಾಲಿಯಲ್ಲಿ ಮೈನಸ್ ತೋರಿಸುವ ಐಟಂ ಇದ್ದರೆ ಅದು ಸರದಿ ಕಾಯುವುದು ಬೇಡ, ಅವತ್ತೇ ನೋಡಿ. ಸಣ್ಣ ಫಿಟ್ಟಿಂಗ್‌ಗಳನ್ನು ಕೈಯಲ್ಲಿ ಎಣಿಸಬೇಡಿ. ನೂರು ಎಣಿಸಿ ಕಾಟಾ ಮೇಲಿಡಿ, ಮಿಕ್ಕಿದ್ದನ್ನು ಆ ತೂಕದ ಲೆಕ್ಕದಲ್ಲಿ ತೆಗೆಯಿರಿ.

ಎಣಿಸುವವರ ಕೈಗೆ ಟ್ಯಾಲಿ ಪ್ರಿಂಟ್ ಕೊಡಲೇಬೇಡಿ. ನಾನು ಕೊಟ್ಟು ಕೆಟ್ಟಿದ್ದೇನೆ. ಪ್ರಿಂಟಿನಲ್ಲಿ 212 ಇದ್ದರೆ ಹುಡುಗನೂ 212 ಅಂತ ಟಿಕ್ ಹಾಕಿ ಬರುತ್ತಿದ್ದ. ಮುಂದಿನಿಂದ ಲಾಟು ಗೋಡೆ ಕಟ್ಟಿದ ಹಾಗೆ ನಿಂತಿತ್ತು, ಅವನದೂ ತಪ್ಪಲ್ಲ. ಒಂದಿನ ನಾನೇ ಮೇಲೆ ಹತ್ತಿದೆ. ಹಿಂದಿನಿಂದ ಚೀಲ ಎಳೆದು ನಡುವೆ ಪೊಳ್ಳಾಗಿತ್ತು, ಕಾಲು ಜಾರಿ ಸೊಂಟದವರೆಗೆ ಇಳಿದೆ. ಈಗ ಐಟಂ ಹೆಸರು, ಜಾಗ ಎರಡೇ ಬರೆದ ಖಾಲಿ ಚೀಟಿ ಕೊಡುತ್ತೇನೆ.

ಸ್ಕ್ಯಾನರ್ ಬೇಕಾ ಅಂತಲೂ ಕೇಳಿದ್ದೀರಿ. ಸದ್ಯಕ್ಕೆ ಬೇಡ, ಒಂದು ನೋಟ್‌ಬುಕ್ ಸಾಕು. ಎಣಿಸಿದ್ದೆಷ್ಟು, ತಾಳೆ ಆಗಿದ್ದೆಷ್ಟು, ವ್ಯತ್ಯಾಸಕ್ಕೆ ಕಾರಣ ಏನು ಅಂತ ಬರೆಯಿರಿ. ಮೊದಲ ತಿಂಗಳು ಆ ಪುಟ ನೋಡಿದರೆ ಸಿಟ್ಟು ಬರುತ್ತದೆ. ಹುಡುಗರ ಮೇಲೆ ರೇಗಬೇಡಿ. ರೇಗಿದರೆ ಅವರು ಆಫೀಸಿನ ಕಂಪ್ಯೂಟರ್ ಇಣುಕಿ ನೋಡಿಯೇ ಎಣಿಸಲು ಹೋಗುತ್ತಾರೆ.