ಹಿಂದಿನ ಬೆಂಚಿನಿಂದ ಎದ್ದು ಬರಬೇಡಿ

ದೇವರು ಪರಿಶುದ್ಧ ಅಂತ ನೆನೆದರೇ ಹೆದರಿಕೆ ಆಗುತ್ತೆ, ಹಾಡೋಕೆ ಬಾಯಿ ಬರಲ್ಲ, ಆರಾಧನೆ ಮಧ್ಯೆ ಎದ್ದು ಬರ್ತೇನೆ, ಇದು ವಿನಯವಾ ಅಂತ ಕೇಳಿದ್ದೀರಿ.

ಹೆದರಿಕೆ ತಪ್ಪಲ್ಲ. ಎದ್ದು ಬರೋದು ಮಾತ್ರ ಬೇಡ. ಬೈಬಲಿನಲ್ಲಿ ಪ್ರವಾದಿ ಯೆಶಾಯನ ಪುಸ್ತಕದ 6ನೇ ಅಧ್ಯಾಯ ತೆಗೆದು ನೋಡಿ. ದೇವರ ಸಿಂಹಾಸನದ ಹತ್ತಿರ ನಿಲ್ಲುವ ಸೆರಾಫಿಯರು ಅನ್ನೋ ದೂತರಿಗೆ ಆರು ರೆಕ್ಕೆ. ಎರಡರಿಂದ ಮುಖ ಮುಚ್ಚಿಕೊಳ್ಳುತ್ತಾರೆ, ಎರಡರಿಂದ ಕಾಲು. ಹಾರೋಕೆ ಉಳಿದದ್ದು ಎರಡೇ! ಆದರೂ ‘ಪರಿಶುದ್ಧನು’ ಅಂತ ಮೂರು ಸಲ ಕೂಗುತ್ತಾರೆ. ಯೆಶಾಯನೂ ನಿಮ್ಮ ಹಾಗೇ, ಅಯ್ಯೋ ನನ್ನ ತುಟಿ ಅಶುದ್ಧ ಅಂದ. ಆದರೆ ಓಡಲಿಲ್ಲ. ಸೆರಾಫಿಯೊಬ್ಬ ಇಕ್ಕಳದಲ್ಲಿ ತಂದ ಕೆಂಡ ಅದೇ ತುಟಿಗೆ ತಾಗಿತು, ಪಾಪ ಹೋಯಿತು. ಆಮೇಲೆ ಯಾರನ್ನು ಕಳಿಸಲಿ ಅಂತ ದೇವರು ಕೇಳಿದಾಗ ಅದೇ ಬಾಯಲ್ಲಿ, ನಾನಿದ್ದೇನೆ, ನನ್ನನ್ನು ಕಳಿಸು ಅಂದ.

ಯೇಸುವಿನ ಶಿಷ್ಯನಾದ ಮೀನುಗಾರ ಪೇತ್ರನ ಕಥೆ ನಮ್ಮ ದಕ್ಕೆಯವರಿಗೆ, ಅಂದರೆ ಮೀನುಗಾರಿಕೆ ಬಂದರಿನವರಿಗೆ, ಬೇಗ ಅರ್ಥ ಆಗುತ್ತೆ. ದೋಣಿ ಮುಳುಗುವಷ್ಟು ಮೀನು ಸಿಕ್ಕಿದಾಗ ಅವನು ಯೇಸುವಿನ ಕಾಲಿಗೆ ಬಿದ್ದ. ನಾನು ಪಾಪಿ, ನನ್ನನ್ನು ಬಿಟ್ಟು ಹೋಗು ಅಂದ. ಯೇಸು ಹೋಗಲಿಲ್ಲ, ಅಲ್ವಾ?

ಮಂಗಳೂರಿನ ನಮ್ಮ ಚರ್ಚಿನಲ್ಲಿ ಅಜ್ಜಿ ಕೂರುವ ಮೊದಲು ಸೆರಗು ತಲೆ ಮೇಲೆ ಎಳೆದುಕೊಂಡು, ಒಂದು ನಿಮಿಷ ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಆಮೇಲೆ ಜೋರಾಗಿ ಹಾಡುತ್ತಿದ್ದರು. ಶ್ರುತಿ ಇರಲಿಲ್ಲ, ಅದು ಬೇರೆ ಮಾತು! ಈ ಭಾನುವಾರ ಕೊನೆಯ ಹಾಡಿನವರೆಗೆ ಇರಿ. ಬಾಯಿ ಬರದಿದ್ದರೆ ಸುಮ್ನೆ ತಲೆ ತಗ್ಗಿಸಿ ನಿಂತರೂ ಸಾಕು.